ಸೂಜಿ ಇಲ್ಲದ ಲೇಬಲ್

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ, ಎಲ್ಲ ಕೆಲಸಗಾರರ ಎದುರು, ಮಾಲೀಕ ಚನ್ನಬಸವರಾಜ, ಹೊಲಿಗೆಯ ದುರುಗಪ್ಪನನ್ನು ಕುಡುಕ ಎಂದು ಕರೆದು ಹೊರಗೆ ಹಾಕಿದ. ದುರುಗಪ್ಪ ಕುಡಿದಿರಲಿಲ್ಲ.

ಆಗಿದ್ದು ಇಷ್ಟು. ಪ್ಯಾಂಟಿಗೆ ಲೇಬಲ್ ಹೊಲಿಯುತ್ತಿದ್ದಾಗ ಅವನ ಬಲಗೈ ಒದ್ದೆ ಬಟ್ಟೆಯಂತೆ ಜೋತುಬಿತ್ತು, ನಾಲಿಗೆ ತೊದಲಿತು, ಲೇಬಲ್ ತಲೆಕೆಳಗಾಗಿ ಕೂತಿತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಸರಿಹೋದದ್ದೇ ತಪ್ಪಾಯಿತು. ರೋಗವಾಗಿದ್ದರೆ ಇಷ್ಟು ಬೇಗ ಬಿಟ್ಟುಹೋಗುತ್ತಿತ್ತೇ ಎಂಬುದು ಮಾಲೀಕನ ಪ್ರಶ್ನೆ. ಆಮೇಲೆ ಆಸ್ಪತ್ರೆಯಲ್ಲಿ ಮಾಡಿಸಿದ ಮಿದುಳಿನ ಮೊದಲ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದ ನೋವನ್ನು ಕೂಲಿಯವನ ಬಾಯಿಂದ ಕೇಳಿ ನಂಬುವ ಅಭ್ಯಾಸ ಯಾವ ಯೂನಿಟ್ಟಿನಲ್ಲೂ ಇಲ್ಲ.

ಡಾಕ್ಟರ್ ಸುಧಾರಾಣಿ ಇನ್ನೊಂದು ಪರೀಕ್ಷೆ ಹೇಳಿದರು.

"ನಿಮ್ಮ ಕಿಡ್ನಿ ನಾಜೂಕ ಅದಾವ್ರಿ. ಅದಕ್ಕ ಸೂಜಿ ಬ್ಯಾಡ, ಡೈ ಬ್ಯಾಡ. ನಿಮ್ಮ ರಕ್ತಕ್ಕ ಅಯಸ್ಕಾಂತದಿಂದನ ಲೇಬಲ್ ಹಚ್ಚಿ, ಅದು ಮಿದುಳಿನಾಗ ಎಲ್ಲೆಲ್ಲಿ ಮುಟ್ಟತೈತಿ ಅಂತ ನೋಡ್ತೀವಿ."

ದುರುಗಪ್ಪ ಈ ಮಾತನ್ನು ಕುರುಗೋಡಿನ ತನ್ನ ಮನೆಯಲ್ಲಿ ಹಾಗೇ ಒಪ್ಪಿಸಿದ. ಸಿರುಗುಪ್ಪದಿಂದ ಬಂದಿದ್ದ ಸೋದರಮಾವ ಜೋಗಪ್ಪ ಎದ್ದು ಕೂತ. ಜೀನ್ಸ್ ತೊಳೆದು ಬಣ್ಣ ಹಾಕುವ ಯೂನಿಟ್ಟಿನಲ್ಲಿ ದುಡಿದು ಬಂದ ಮನುಷ್ಯ; ಅವನ ಉಗುರಿನ ಸಂದಿಯ ನೀಲಿ ಇನ್ನೂ ಹೋಗಿರಲಿಲ್ಲ.

"ಸೂಜಿ ಇಲ್ದ ಲೇಬಲ್ ಹೆಂಗ ಹಚ್ತಾರಲೇ? ಅಂಟಿಸ್ತಾರೇನು? ಅಂಟಿಸಿದ್ದು ಒಂದ ವಾಶಿಗೆ ಕಿತ್ತು ಬರತೈತಿ."

"ಕಾಂತದ್ದಂತ ಮಾವ. ಜರಾ ಹೊತ್ತಿಗೆ ತಾನ ಅಳಿಸಿ ಹೋಗತೈತಂತ."

"ಅದಿರ್ಲಿ, ಯಾರ ಹೆಸರಿನ ಲೇಬಲ್ ಅಂತ ಕೇಳಿದೇನು? ನಾಳೆ ನಿನ್ನ ರಕ್ತ ಯಾರದರ ಹೆಸರಿಗೆ ಹೋದೀತು."

ದುರುಗಪ್ಪನಿಗೆ ನಗು ಬರಲಿಲ್ಲ. ಅವನು ಹೊಲಿದ ಯಾವ ಪ್ಯಾಂಟಿನ ಮೇಲೂ ಬಳ್ಳಾರಿಯ ಹೆಸರಿರಲಿಲ್ಲ. ಕೈ ಇಲ್ಲಿಯದು, ಹೆಸರು ಇನ್ನೆಲ್ಲಿಯದೋ. ಮಾವನ ಅನುಮಾನ ತೀರಾ ಹುಚ್ಚು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ಹೊರಟ ಬಸ್ಸಿನಲ್ಲಿ ಪಕ್ಕದ ಮನೆಯ ಜಡೆಮ್ಮ ಸಿಕ್ಕಳು. ಮಾವ-ಅಳಿಯರನ್ನು ನೋಡಿದ್ದೇ ತಡ, ದನಿ ತಗ್ಗಿಸಿದಳು. ಅವಳ ತಗ್ಗಿಸಿದ ದನಿ ಕಂಡಕ್ಟರನವರೆಗೂ ಕೇಳಿಸುತ್ತಿತ್ತು.

"ಕುಡಿಯೋದು ಬಿಡಸಾಕ ಕರ್ಕೊಂಡ ಹೊಂಟೀರೇನು? ಚಲೋ ಆತು."

"ನಾನು ಕುಡಿಯಂಗಿಲ್ಲಕ್ಕಾ."

"ನಮ್ಮ ಮೈದುನನೂ ಹಿಂಗ ಅಂತಿದ್ದ ತಮ್ಮಾ."

ಬಳ್ಳಾರಿಯಲ್ಲಿ ಇಳಿದ ಮೇಲೆ ಜೋಗಪ್ಪನಿಗೆ ಜ್ಞಾನೋದಯವಾಯಿತು. ರಕ್ತ ಜೋರಾಗಿ ಹರಿಯಬೇಕೆಂದರೆ ಖಡಕ್ ಚಾ ಬೇಕು. ಒಂದಾದ ಮೇಲೊಂದು ಕುಡಿಸಿಯೇ ಕುಡಿಸಿದ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್ ಹುಬ್ಬು ಗಂಟಿಕ್ಕಿದ.

"ಚಾ ಕುಡ್ದು ಬಂದೀರೇನ್ರಿ? ಬ್ಯಾಡ ಅಂತ ಹೇಳಿದ್ದಿಲ್ಲೇನ್ರಿ? ಚಾ, ಕಾಫಿ ಕುಡದ್ರ ಮಿದುಳಿಗೆ ಹೋಗೋ ರಕ್ತ ಕಮ್ಮಿ ಆಗತೈತಿ. ಚಿತ್ರ ಸುಳ್ಳು ಹೇಳತೈತಿ. ಮಧ್ಯಾಹ್ನದ ಮ್ಯಾಲೆ ಬರ್ರಿ."

ಕಾಯುತ್ತ ಕೂತಿದ್ದವರ ಕಿವಿಗೆ 'ಚಾ' ಬೀಳಲಿಲ್ಲ. 'ಕುಡ್ದು ಬಂದೀರೇನ್ರಿ' ಮಾತ್ರ ಬಿತ್ತು. "ಪಾಪ, ಬೆಳಿಗ್ಗೇನ ಶುರು," ಎಂದು ಒಬ್ಬ ಅಜ್ಜಿ ಸೆರಗು ಮೂಗಿಗೆ ಹಿಡಿದಳು.

ಮಧ್ಯಾಹ್ನದ ಮೇಲೆ, ಮೈಮೇಲೆ ಲೋಹ ಇರಬಾರದೆಂದು, ಜೀನ್ಸಿನ ಜಿಪ್ಪು, ಗುಂಡಿ, ಸೊಂಟದ ಉಡದಾರ ಎಲ್ಲ ಬಿಚ್ಚಿಸಿ ಅವನಿಗೊಂದು ನಿಲುವಂಗಿ ತೊಡಿಸಿದರು. ಹಿಂದಿನಿಂದ ಅದು ಬಾಗಿಲಿಲ್ಲದ ಮನೆಯಂತಿತ್ತು. ಕೊಳವೆಯೊಳಗೆ ಮಲಗಿಸಿದರು. ಯಂತ್ರ ಟಕಟಕ ಎಂದು ಬಡಿಯತೊಡಗಿತು, ಇಡೀ ಯೂನಿಟ್ಟಿನ ಮಷೀನುಗಳು ಒಮ್ಮೆಲೇ ಹೊಲಿಯಲು ಹತ್ತಿದಂತೆ. ದುರುಗಪ್ಪನ ಬಲಗಾಲು ತನ್ನಷ್ಟಕ್ಕೆ ಪೆಡಲ್ ಒತ್ತತೊಡಗಿತು.

"ಕಾಲು ಅಳ್ಳಾಡಸಬ್ಯಾಡ್ರಿ. ತಲಿನೂ ಅಳ್ಳಾಡಾಕತ್ತೈತಿ."

ಟೆಕ್ನಿಷಿಯನ್ ಮೊದಲಿಂದ ಶುರು ಮಾಡಿದ. ಕೆಲಸ ಹೋಗಿತ್ತು, ಕಾಲಿಗೆ ಅದನ್ನು ಇನ್ನೂ ಯಾರೂ ತಿಳಿಸಿರಲಿಲ್ಲ. ಅವನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಕಾಲನ್ನು ಸತ್ತಂತೆ ಇಟ್ಟುಕೊಂಡ.

ಸುಧಾರಾಣಿ ಪರದೆಯ ಮೇಲೆ ಚಿತ್ರ ತೋರಿಸಿದರು. ಮಿದುಳಿನ ಬಲಭಾಗ ಕೆಂಪು, ಹಳದಿ. ಎಡಭಾಗದಲ್ಲಿ ಒಂದಿಷ್ಟು ಜಾಗ ಬರೀ ನೀಲಿ.

"ಎಡಕ್ಕ ರಕ್ತ ಕಮ್ಮಿ ಹೊಂಟೈತ್ರಿ. ಅದಕ್ಕ ಬಲಗೈ ಸೋತಿದ್ದು, ಮಾತು ತೊದಲಿದ್ದು. ಇದು ಕುಡಿತ ಅಲ್ಲ. ಇವತ್ತ ಗುಳಿಗಿ ಶುರು ಮಾಡ್ರಿ, ಕುತ್ತಿಗಿ ರಕ್ತನಾಳನೂ ನೋಡೂಣು. ಹೊಲಿಗಿ ಕೂತು ಮಾಡೋ ಕೆಲಸ, ಮಾಡಬಹುದು."

ದುರುಗಪ್ಪನ ಕಣ್ಣು ತುಂಬಿತು. ತನ್ನ ರೋಗ ನೋಡಿ ಇಷ್ಟು ಖುಷಿಪಟ್ಟ ರೋಗಿಯನ್ನು ಆ ಡಾಕ್ಟರೂ ಕಂಡಿರಲಿಕ್ಕಿಲ್ಲ.

ಚಿತ್ರ ಹಿಡಿದು ಮಾವ-ಅಳಿಯ ನೇರ ಯೂನಿಟ್ಟಿಗೆ ಹೋದರು. ಚನ್ನಬಸವರಾಜ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ, ಡಾಕ್ಟರಿಗೇ ಫೋನ್ ಮಾಡಿ ಕೇಳಿದ. ಆಮೇಲೆ ಕುರ್ಚಿ ಕೊಡಿಸಿದ.

"ನೀ ಕುಡದಿರ್ಲಿಲ್ಲ. ನಾ ಒಪ್ಪಿದೆ, ದುರುಗಪ್ಪ."

"ಹಂಗಾರ ನಾಳೆ ಬರ್ಲೇನ್ರಿ, ಸಾವ್ಕಾರ್ರ?"

"ಅದ ಕಷ್ಟ ನೋಡು. ಜಡ್ಡಿನ ಮನಷ್ಯಾನ್ನ ಮಷೀನಿನ ಮ್ಯಾಲೆ ಕುಂದರಸಿ, ಏನರ ಆದ್ರ ನನ್ನ ತಲಿಮ್ಯಾಲೆ. ಕುಡುಕ ಆಗಿದ್ರ ಚಿಂತಿ ಇದ್ದಿಲ್ಲ. ನಮ್ಮಲ್ಲಿ ಕುಡಿಯೋರು ಭಾಳ ಮಂದಿ ಅದಾರ, ಒಂದ್ ಬೈಗುಳಕ್ಕ ಸರಿಹೋಗ್ತಾರ." ಅವನು ಚಿತ್ರವನ್ನು ಮಡಿಸಿ ದುರುಗಪ್ಪನ ಕೈಗಿಟ್ಟ. "ಇದನ್ನ ಯಾರಿಗೂ ತೋರಿಸಬ್ಯಾಡ. ಎಲ್ಲಾರ ಮುಂದ ನಿಂತು, ಅವತ್ತ ಕುಡದಿದ್ದೆ, ತಪ್ಪಾತು ಅನ್ನು. ನಾಳೆ ಬಾ."

ಮಷೀನುಗಳು ಒಂದೊಂದಾಗಿ ನಿಂತವು, ಕೆಲಸಗಾರರು ಇತ್ತ ತಿರುಗಿದರು. ಜೋಗಪ್ಪ ಅಳಿಯನ ಕಿವಿಗೆ ಬಾಯಿಟ್ಟ. "ಅನ್ನಲೇ. ಬೇಕಂದ್ರ ಈಗ ಒಂದು ಕ್ವಾರ್ಟರ್ ತಂದು ಕುಡಸ್ತೀನಿ, ಪೂರಾ ಸುಳ್ಳು ಹೇಳಿದಂಗೂ ಆಗಂಗಿಲ್ಲ."

ದುರುಗಪ್ಪ ಎದ್ದು ನಿಂತ.

"ಕೈ ಸೋತಿತ್ತು ಅಂತ ಹೇಳ್ತೀನ್ರಿ. ಮಾತು ತೊದಲಿತ್ತು ಅಂತ ಹೇಳ್ತೀನಿ."

"ಅದಲ್ಲಪಾ. ಕುಡದಿದ್ದೆ ಅನ್ನು."

"ಅನ್ನಂಗಿಲ್ರಿ."