ಗುಟ್ಟಾಗಿ ಹತ್ತಿದ ಕರ್ಜತ್ ಫಾಸ್ಟ್

ಪ್ರಾಣರಕ್ಷಣೆಯನ್ನು ಶಾಸ್ತ್ರೋಕ್ತವಾಗಿ ಕಲಿತವನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನೊಬ್ಬನೇ ಇರಬೇಕು!

ನಮ್ಮ ಕಟ್ಟಡದ ಹಿಂದಿನ ಚರಂಡಿಗೆ ಟ್ಯಾಂಕರ್‌ನವರು ಕೆಮಿಕಲ್ ನೀರು ಸುರಿಯುವುದನ್ನು ಫೋಟೋ ತೆಗೆದು ದೂರು ಕೊಟ್ಟವರು ನಾವು ನಾಲ್ವರು. ವಾರದೊಳಗೆ ಹಾಲಿನಂಗಡಿಯ ಮುಂದೆ ಕೆಂಪು ಬೈಕಿನವನೊಬ್ಬ, ನನ್ನ ಮಗಳು ಯಾವ ಶಾಲೆಗೆ ಹೋಗುತ್ತಾಳೆಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಆಗ ನಮಗೆ ಟ್ರೇನಿಂಗ್ ಕೊಡಲು ದೆಹಲಿಯಿಂದ ತಜ್ಞರೊಬ್ಬರು ಬಂದರು. ಹೋರಾಟಗಾರರ ಸುರಕ್ಷತೆಯ ಬಗ್ಗೆ ಮೂರು ದೇಶಗಳಲ್ಲಿ ಪಾಠ ಹೇಳಿದವರು. ನಿತ್ಯ ಒಂದೇ ಹೊತ್ತಿಗೆ ಹೊರಡಬೇಡಿ, ಒಂದೇ ದಾರಿ ಹಿಡಿಯಬೇಡಿ, ಪರಿಚಿತರ ಜೊತೆ ಹೋಗಬೇಡಿ, ದಾರಿಯಲ್ಲಿ ಫೋನ್ ಆಫ್ ಮಾಡಿ ಎಂದರು. ನಾನು ಅಡಿಗೆರೆ ಹಾಕಿ ಬರೆದುಕೊಂಡೆ.

"ಅವರಿಗೆ ನಮ್ಮ ರೈಲು ಗೊತ್ತುಂಟಾ ಮಾರಾಯ್ರೆ?" ಎಂದಳು ಹೆಂಡತಿ.

ಅವಳ ಅಜ್ಞಾನಕ್ಕೆ ಮರುಗಿದೆ. ಯಾವ ಗಾಡಿಗೆ ಬರುತ್ತೇನೆಂದು ಅವಳಿಗೂ ಹೇಳಲಿಲ್ಲ.

ಮುಂಬೈಯಲ್ಲಿ ಆಫೀಸು ಮುಗಿಸಿ ಮರಳುವ ಸಂಜೆ 6.20ರ ಡೊಂಬಿವಲಿ ಲೋಕಲ್‌ನ ಮೂರನೇ ಡಬ್ಬಿಯಲ್ಲಿ ನಮ್ಮದು ಹನ್ನೊಂದು ಮಂದಿಯ ಗುಂಪು. ಒಬ್ಬ ಕಾಣದಿದ್ದರೆ ಥಾಣೆ ಸ್ಟೇಷನ್ ಬರುವುದರೊಳಗೆ ಅವನ ಮನೆಗೆ ಫೋನ್ ಹೋಗುತ್ತದೆ. ಮರುದಿನ ಆ ಹತ್ತು ಮಂದಿಯ ಕಣ್ಣು ತಪ್ಪಿಸಿ, ಡೊಂಬಿವಲಿ ದಾಟಿ ದೂರ ಹೋಗುವ ಕರ್ಜತ್ ಫಾಸ್ಟ್ ಹತ್ತಿದೆ. ಫೋನ್ ಆಫ್!

ಥಾಣೆ ದಾಟಿದ ಮೇಲೆ ಕಿವಿಯ ಹತ್ತಿರ ಒಂದು ದನಿ.

"ಆಜ್ ಅಕೇಲೇ, ಸಾಬ್? ಗ್ರೂಪ್ ಕಿಧರ್ ಹೈ?"

ಕೆಂಪು ಬೈಕಿನವ. ಇಷ್ಟು ದಿನ ಅವನಿಗೆ ನನ್ನ ಹತ್ತಿರ ಬರಲು ಆ ಗುಂಪೊಂದೇ ಅಡ್ಡಿಯಾಗಿತ್ತು. ಅದನ್ನು ನಾನೇ ನಿವಾರಿಸಿಕೊಟ್ಟಿದ್ದೆ!

ಡೊಂಬಿವಲಿಯಲ್ಲಿ ಹಾರಿಬಿಡೋಣವೆಂದರೆ, ಫಾಸ್ಟ್ ಗಾಡಿಗೆ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆಂದು ತಿಳಿಯದೆ ತಪ್ಪು ಬಾಗಿಲಲ್ಲಿ ನಿಂತಿದ್ದೆ. ಡೊಂಬಿವಲಿಯವನಿಗೆ ಈ ಗಾಡಿಯಲ್ಲೇನು ಕೆಲಸ ಎಂದು ಬೈದ ಕರ್ಜತ್‌ನವರು ದಾರಿ ಬಿಡಲಿಲ್ಲ. ಮುಂದಿನ ಸ್ಟೇಷನ್ ಕಲ್ಯಾಣದವರೆಗೆ ಅವನ ಉಸಿರು ನನ್ನ ಕುತ್ತಿಗೆಯ ಮೇಲಿತ್ತು. ಇಳಿದೆ, ಅವನೂ ಇಳಿದ. ಸೇತುವೆ ಹತ್ತಿದೆ, ಅವನೂ ಹತ್ತಿದ. ವಾಪಸು ಬರುವ ಸ್ಲೋ ಲೋಕಲ್‌ನಲ್ಲಿ ನನ್ನೆದುರೇ ಕೂತು ನಿಧಾನವಾಗಿ ತಲೆ ಬಾಚಿಕೊಂಡ. ಆ ಬಾಚಣಿಗೆಯನ್ನು ನೆನೆದರೆ ನನಗೆ ಇವತ್ತೂ ಬೆವರುತ್ತದೆ. ಫೋನ್ ಜೇಬಿನಲ್ಲಿ ಆಫ್ ಆಗಿಯೇ ಇತ್ತು.

ಡೊಂಬಿವಲಿಯಲ್ಲಿ ಕಾಲಿಟ್ಟಾಗ ಸ್ಟೇಷನ್ನಿನ ಅಷ್ಟೂ ಧ್ವನಿವರ್ಧಕಗಳು ನನ್ನ ಹೆಸರು, ವಯಸ್ಸು, ಅಂಗಿಯ ಬಣ್ಣವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಕೂಗುತ್ತಿದ್ದವು. ನನ್ನ ರಹಸ್ಯ ಪ್ರಯಾಣ! ಗುಂಪಿನ ಹಿರಿಯರಾದ ವಿಜಯಪುರದ ಕುಲಕರ್ಣಿಯವರು ಮನೆಗೆ ಫೋನ್ ಮಾಡಿದ್ದರು. ಹೆಂಡತಿ ಓಡಿ ಬಂದು ಸ್ಟೇಷನ್ ಮಾಸ್ತರರನ್ನು ಹಿಡಿದಿದ್ದಳು. ಹತ್ತೂ ಮಂದಿ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಹಿಂದಿರುಗಿ ನೋಡಿದೆ. ಬಾಚಣಿಗೆಯವನು ಇಳಿಯಲೇ ಇಲ್ಲ. ಗಾಡಿ ಅವನನ್ನು ಕರೆದುಕೊಂಡು ಹೋಯಿತು.

"ಹತ್ತು ಮಂದಿ ಇದ್ವಿ. ಒಂದ ಮಾತು ಹೇಳ್ಲಿಕ್ಕೆ ಏನಾಗಿತ್ರಿ ನಿಮಗ?" ಎಂದರು ಕುಲಕರ್ಣಿ.

ಇಬ್ಬರು ನನ್ನ ತೋಳು ಹಿಡಿದು ರಿಕ್ಷಾದಲ್ಲಿ ಕೂರಿಸಿದರು. ಆಸ್ಪತ್ರೆಗೆ ಬಿಡಬೇಕೇ ಎಂದು ರಿಕ್ಷಾದವನು ನನ್ನ ಮುಖ ನೋಡಿ, ಹೆಂಡತಿಯನ್ನು ಕೇಳಿದ.

"ನಹೀ ಭಯ್ಯಾ, ಘರ್," ಎಂದಳು ಅವಳು. "ಟ್ರೇನಿಂಗ್ ಲೇಕೆ ಆಯೇ ಹೈ."