ಗ್ರಾಫಿಕ್ಸ್ ಕಾರ್ಡಿನ ಬಿಸಿ ಮತ್ತು ಐದು ಲೀಟರ್ ಮೊಸರು

ಓವರ್‌ಕ್ಲಾಕಿಂಗ್, ಅಂದರೆ ಕಂಪ್ಯೂಟರನ್ನು ಅದರ ಮಿತಿ ಮೀರಿ ದುಡಿಸುವುದು, ಬಹಳ ಸುಲಭದ ಕೆಲಸ. ಅನುಭವದಿಂದ ಹೇಳುತ್ತಿದ್ದೇನೆ. ಗುತ್ತಲಿನ ನಮ್ಮ ಬೀದಿಯ ಹೆಂಗಸರಲ್ಲಿ ಅದನ್ನು ಮಾಡಿದವಳು ನಾನೊಬ್ಬಳೇ. ಮಾಡಿಯೂ ಮನೆಯೊಳಗೇ ಇದ್ದೇನೆ. ಆಂಜನೇಯನ ದಯೆ ದೊಡ್ಡದು.

ಕಂಪ್ಯೂಟರು ನಮ್ಮ ಯಜಮಾನರದು. ಭಾರತೀನಗರದ ಕಾಲೇಜೊಂದರಲ್ಲಿ ಲೆಕ್ಕ ಕಲಿಸುತ್ತಾರೆ. ಸ್ಕೂಟರ್ ಓಡಿಸಲು ಹೆದರಿ ಬಸ್ಸಿನಲ್ಲಿ ಹೋಗಿಬರುವ ಇವರು, ಸಂಜೆ ಕೈಕಾಲು ತೊಳೆದ ಕೂಡಲೇ ಕಂಪ್ಯೂಟರಿನ ಆಟದಲ್ಲಿ ಹದಿನೆಂಟು ಚಕ್ರದ ಲಾರಿ ಓಡಿಸುತ್ತಾರೆ! ಮನೆ ಚಿಕ್ಕದೆಂದು ಪೆಟ್ಟಿಗೆಯನ್ನೂ ಬಿಸ್ಕತ್ತಿನ ಡಬ್ಬದಷ್ಟು ಚಿಕ್ಕದೇ ತಂದು ನಡುಮನೆಯ ಮೇಜಿನ ಮೇಲಿಟ್ಟರು. ಮೇಜಿನ ಕೆಳಗೆ, ಅಡುಗೆಮನೆಯಲ್ಲಿ ಹಿಡಿಸದ ನನ್ನ ಅಕ್ಕಿ ಡ್ರಮ್ಮು.

ಆ ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬುದೊಂದಿದೆ. ಪರದೆಯ ಮೇಲೆ ಲಾರಿ, ರಸ್ತೆ, ಮೋಡ ಎಲ್ಲವನ್ನೂ ಬಿಡಿಸುವುದು ಅದೇ. ಇಕ್ಕಟ್ಟಿನಲ್ಲಿ ಕೂತು ಅಷ್ಟು ದುಡಿದರೆ ಯಾರಿಗಾದರೂ ಮೈ ಕಾಯುತ್ತದೆ. ಎಂಬತ್ತೈದು ಡಿಗ್ರಿ ಆಯಿತೆಂದು ಇವರು ತಲೆಯ ಮೇಲೆ ಕೈ ಹೊತ್ತರು. ನಾನು ಮಾತ್ರ ಕೈ ಮುಗಿದೆ. ಏಕೆಂದರೆ ಅದು ಧನುರ್ಮಾಸ. ಚಳಿಗೆ ನಮ್ಮ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದನ್ನೇ ಬಿಟ್ಟಿತ್ತು. ಒಂದು ಸಂಜೆ ಹೆಪ್ಪು ಹಾಕಿದ ಪಾತ್ರೆಯನ್ನು ಬೇರೆ ಜಾಗವಿಲ್ಲದೆ ಪೆಟ್ಟಿಗೆಯ ಹಿಂದೆ, ಬಿಸಿಗಾಳಿ ಬರುವ ಕಡೆ ಇಟ್ಟೆ. ಇವರ ಲಾರಿ ನಾಲ್ಕು ಗಂಟೆ ಓಡಿತು. ಬೆಳಿಗ್ಗೆ ನೋಡಿದರೆ ಚಮಚ ನಿಲ್ಲುವಂಥ ಮೊಸರು!

ಇಂಥದ್ದನ್ನು ಮುಚ್ಚಿಟ್ಟರೆ ಪಾಪ ಬರುತ್ತದೆ. ಪಕ್ಕದ ಮನೆಯ ಮಾದಮ್ಮಕ್ಕನಿಗೆ ಹೇಳಿದೆ. ಹಾಲಿನವನಿಗೆ ಹೇಳಿದೆ. ದೇವಸ್ಥಾನದ ಅರ್ಚಕರಿಗೂ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಶನಿವಾರದ ಪ್ರಸಾದದ ಮೊಸರನ್ನಕ್ಕೆ ಐದು ಲೀಟರ್ ಹಾಲಿನ ಮೊಸರು ನಮ್ಮ ಮನೆಯದೇ ಎಂದು ಆಂಜನೇಯನ ಎದುರೇ ಮಾತು ಕೊಟ್ಟುಬಿಟ್ಟೆ.

"ಈ ಚಳೀಲಿ ಅಷ್ಟೊಂದು ಎಪ್ಪಾಯ್ತದೇನವ್ವಾ?" ಎಂದು ಮಾದಮ್ಮಕ್ಕ ಅನುಮಾನಪಟ್ಟಳು. ಕಂಪ್ಯೂಟರ್ ಇದೆಯಲ್ಲ ಎಂದೆ.

ಗುರುವಾರ ಸಂಜೆ ಇವರು ಸಂಭ್ರಮದಿಂದ ಕರೆದರು. ಪೆಟ್ಟಿಗೆಯ ಬೆನ್ನಿಗೊಂದು ಹೊಸ ಫ್ಯಾನು ಕೂರಿಸಿ, ಕಾರ್ಡು ಎಳೆಯುವ ಕರೆಂಟನ್ನು ಸ್ವಲ್ಪ ಇಳಿಸಿ, ಬಿಸಿಯನ್ನು ಅರವತ್ತೆರಡಕ್ಕೆ ತಂದಿದ್ದರು.

"ನೋಡೇ ಸಾವಿತ್ರಿ, ಆಟ ಒಂಚೂರೂ ನಿಧಾನ ಆಗಿಲ್ಲ. ಹಿಂದುಗಡೆ ಕೈಯಿಟ್ಟು ನೋಡು."

ಇಟ್ಟೆ. ಗಾಳಿ ತಣ್ಣಗಿತ್ತು. ನನ್ನ ಉತ್ಸಾಹವೂ ತಣ್ಣಗಾಯಿತು.

"ಹಾಗಾದ್ರೆ ಮೊಸರು?"

"ಮೊಸರು ಮಾಡೋಕೇನೇ ನಾನಿದನ್ನ ತಂದಿದ್ದು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆದರೆ ಆಂಜನೇಯನಿಗೆ ಮಾತು ಕೊಟ್ಟವಳು ನಾನು, ಇವರಲ್ಲ.

ಶುಕ್ರವಾರ ಇವರು ಬಸ್ಸು ಹತ್ತಿದ ಮೇಲೆ ಸೆರಗು ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕುಳಿತೆ. ಕೂರುವಾಗ ಕಾಲು ಅಕ್ಕಿ ಡ್ರಮ್ಮಿಗೆ ತಾಗಿತು. ಅನ್ನಪೂರ್ಣೆ, ತಪ್ಪಾಯಿತೆಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪರದೆಯ ಮೇಲಿನ ಗುಂಡಿಗಳನ್ನು ಇವರು ಆಚೀಚೆ ಎಳೆಯುವುದನ್ನು ಕಾಫಿ ಕೊಡುವಾಗ ಎಷ್ಟೋ ಸಲ ನೋಡಿದ್ದೇನೆ. ಎಡಕ್ಕೆ ಎಳೆದು ತಂಪು ಮಾಡಿದರೆಂದ ಮೇಲೆ, ಬಲಕ್ಕೆ ಎಳೆದರೆ ಬಿಸಿಯಾಗಲೇಬೇಕು. ಎಲ್ಲವನ್ನೂ ಬಲತುದಿಗೆ ಎಳೆದೆ. ಫ್ಯಾನಿನದನ್ನು ಮಾತ್ರ ಎಡಕ್ಕೆ. ಮೊಸರಿಗೆ ಗಾಳಿ ಏಕೆ? ಆಟವನ್ನೂ ತೆರೆದೆ. ಲಾರಿ ಓಡಿಸಲು ನನಗೆ ಬಾರದು. ಇವರು ನಿಲ್ಲಿಸಿಹೋದ ಪೆಟ್ರೋಲ್ ಬಂಕಿನಲ್ಲೇ ಅದು ನಿಂತಿರಲಿ ಎಂದು ಬಿಟ್ಟೆ. ಹೆಪ್ಪು ಹಾಕಿದ ದೊಡ್ಡ ಪಾತ್ರೆಯನ್ನು ಪೆಟ್ಟಿಗೆಗೆ ಒತ್ತರಿಸಿಟ್ಟು, ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿದೆ.

ಎಪ್ಪತ್ತು. ಎಂಬತ್ತು. ನಾನು ರಾಮನಾಮ ಹೇಳುತ್ತಾ ಕುಳಿತೆ; ಅಂಕಿ ಏರುವುದು ನಾಮದ ಮಹಿಮೆಯೆಂದೇ ತಿಳಿದೆ. ಎಂಬತ್ತೆಂಟರಲ್ಲಿ ಎರಡು ಗಂಟೆ ನಿಂತಿತು. ಆಮೇಲೆ ಲಾರಿಯ ಮೈಮೇಲೆಲ್ಲ ಅಮ್ಮ ಎದ್ದ ಹಾಗೆ ಬಣ್ಣಬಣ್ಣದ ಚುಕ್ಕಿ ಎದ್ದವು. ಟಪ್! ಪರದೆ ಕಪ್ಪಾಯಿತು.

ಕಂಬಳಿ ಎತ್ತಿದೆ. ಪೆಟ್ಟಿಗೆಯ ಕಡೆಯ ಹಾಲು ಒಡೆದು ನೀರು ಬಿಟ್ಟಿತ್ತು. ಆಚೆ ಕಡೆಯದು ಇನ್ನೂ ಹಾಲಾಗಿಯೇ ಇತ್ತು. ಒಂದೇ ಪಾತ್ರೆಯಲ್ಲಿ ಎರಡು ಬಗೆಯ ಸೋಲು!

ಸಂಜೆ ಇವರಿಗೆ ಎಲ್ಲವನ್ನೂ ಒಪ್ಪಿಸಿದೆ. ಇವರು ಸ್ವಿಚ್ಚು ಒತ್ತಿದರು. ಪುಣ್ಯಕ್ಕೆ ಕಾರ್ಡು ಮತ್ತೆ ಜೀವ ತಳೆಯಿತು. ಗುಂಡಿಗಳನ್ನೆಲ್ಲ ಸ್ವಸ್ಥಾನಕ್ಕೆ ತಂದ ಮೇಲೆ ನನ್ನ ಕಡೆ ತಿರುಗಿದರು.

"ಬಿಸಿ ಜಾಸ್ತಿಯಾದ್ರೆ ತಾನಾಗೇ ನಿಂತುಹೋಗೋ ಬುದ್ಧಿ ಇದಕ್ಕಾದ್ರೂ ಇದೆ."

ಕಾರ್ಡು ಉಳಿಯಿತು, ಒಂದು. ಕಂಬಳಿ ಸುಡಲಿಲ್ಲ, ಎರಡು. ಇವರು ಕೂಗಾಡಲಿಲ್ಲ, ಮೂರು. ದೇವರು ಮೂರು ಕೊಟ್ಟಿದ್ದ, ಮೊಸರೊಂದನ್ನು ಕೊಟ್ಟಿರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಅರ್ಚಕರ ಮುಂದೆ ಏನು ಹೇಳಲೆಂದು ಕೇಳಲು ಮಾದಮ್ಮಕ್ಕನ ಮನೆಗೆ ಹೋದೆ. ಅವಳು ಒಳಗಿನಿಂದ ಒಂದು ಪಾತ್ರೆ ತಂದು ಮುಚ್ಚಳ ತೆಗೆದಳು. ಪಾತ್ರೆಯ ತುಂಬ ಗಟ್ಟಿ ಮೊಸರು.

"ನಿನ್ ಪೆಟ್ಟಿಗೆ ನೆಚ್ಕೊಂಡು ಆಂಜನೇಯಪ್ಪನ್ನ ಉಪಾಸ ಕೆಡವಕಾಯ್ತದಾ? ನಿನ್ನೆ ನಾನೂ ಎಪ್ಪಾಕಿ ಮಡಗಿದ್ದೆ. ತಕೊಂಡೋಗು."

ಕಣ್ಣು ತುಂಬಿ ಬಂತು. ಈ ಚಳಿಯಲ್ಲಿ ಹೇಗಾಯಿತೆಂದು ಕೇಳಿದೆ.

"ಎಂಗೇನು, ಕಂಬಳಿ ಸುತ್ತಿ ಅಕ್ಕಿ ಡ್ರಮ್ಮೊಳಗೆ ಮಡಗ್ದೆ ಕಣವ್ವ. ನಿಮ್ಮನೇಲಿ ಅಕ್ಕಿ ಡ್ರಮ್ಮಿಲ್ವಾ?"

ಇದೆ. ಮುಟ್ಟಿ ಕಣ್ಣಿಗೂ ಒತ್ತಿಕೊಂಡಿದ್ದೆ!