ಜೋಪಾನಪ್ಪನವರ ಬ್ಯಾಟರಿ ಗರಗಸ

ಅತ್ತೆ ಬರುತ್ತಾರೆಂದರೆ ಯಾವ ಅಳಿಯನಿಗೂ ಎದೆ ಒಂದು ಸಲ ಧಸಕ್ ಅನ್ನುತ್ತದೆ. ನಮ್ಮ ಜೋಪಾನಪ್ಪನವರಿಗೆ ಮೂರು ಸಲ ಅಂದಿತು. ಕಾರಣ, ಅತ್ತೆ ಇಳಿದುಕೊಳ್ಳುವ ಕೋಣೆಯ ಬಾಗಿಲು. ಹೋದ ಸಲ ಅದು ನೆಲ ಕಚ್ಚಿಕೊಂಡು, ಆಯಮ್ಮ ಮುಕ್ಕಾಲು ಗಂಟೆ ಒಳಗೇ ಸೆರೆವಾಸ ಅನುಭವಿಸಿದ್ದರು. ಈಗ ಮಂಡಿ ಆಪರೇಷನ್ ಮುಗಿಸಿಕೊಂಡು ಸಂಜೆ ಬರುವವರಿದ್ದರು. "ಬಾಗಿಲು ಒಂದೇ ಕೈಯಲ್ಲಿ ತೆಗೆಯೋಕಾದ್ರೆ ಇರ್ತೀನಿ, ಇಲ್ಲಾಂದ್ರೆ ಅದೇ ಕಾರಲ್ಲಿ ಮಗನ ಮನೆಗೆ" ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ಅಮ್ಮ ಒಂದು ತಿಂಗಳು ಜೊತೆಗಿರುತ್ತಾಳೆಂದು ಹೆಂಡತಿ ಆಗಲೇ ಹಾಸಿಗೆ ಹಾಸಿ ಕಾಯುತ್ತಿದ್ದಳು.

"ಬಡಗೀನ ಕರೆಸೋಣ ರೀ."

"ಬಡಗಿ ಯಾಕೆ? ನಾನಿಲ್ವೇನೇ?"

ಇದ್ದರು, ಸಂಶಯವಿಲ್ಲ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿ, ಕಂಡಕಂಡವರಿಗೆಲ್ಲ "ಜೋಪಾನ! ಜೋಪಾನ!" ಎಂದು ಕೂಗಿ ಕೂಗಿ ಈ ಹೆಸರು ಸಂಪಾದಿಸಿದವರು. (ಹೆತ್ತವರಿಟ್ಟ ಹೆಸರು ಈಗ ಪಿಂಚಣಿ ಕಾಗದದಲ್ಲಿ ಮಾತ್ರ ಇದೆ.) ಹೊಸ ಬ್ಯಾಟರಿ ಗರಗಸವೂ ಬಂತು. ಗಂಡ ಹೆಂಡತಿ ಸೇರಿ ಬಾಗಿಲು ಕಳಚಿ ಎರಡು ಬೆಂಚುಗಳ ಮೇಲೆ ಮಲಗಿಸಿ, ಅಲುಗಾಡದಂತೆ ಬಿಗಿದರು. ಕೊಯ್ಯಬೇಕಾದ ಅರ್ಧ ಇಂಚಿಗೆ ಪೆನ್ಸಿಲಿನಲ್ಲಿ ಗೆರೆಯೂ ಎಳೆದಾಯಿತು.

ಆಮೇಲೆ ಶುರುವಾಯಿತು ಉಪದೇಶ. ಕಾರ್ಖಾನೆಯ ಪದ್ಧತಿಯೇ ಹಾಗಂತೆ: ಅವರು ಹೇಳಬೇಕು, ಎದುರಿಗಿದ್ದವರು ಒಪ್ಪಿಸಬೇಕು.

"ಬ್ಲೇಡು ಮುಟ್ಟೋ ಮುಂಚೆ?"

"ಬ್ಯಾಟರಿ ತೆಗೀಬೇಕು."

"ಕಣ್ಣಿಗೆ?"

"ಕನ್ನಡಕ. ರೀ, ಮೂರು ಗಂಟೆ ಆಯ್ತು."

"ಬ್ಲೇಡು ಹಲಗೆಗಿಂತ ಎಷ್ಟು ಕೆಳಗೆ?"

"ಒಂದು ಚೂರು. ಗರಗಸ ಪೂರ್ತಿ ನಿಲ್ಲೋ ತನಕ ಕೆಳಗಿಡಬಾರದು. ಒತ್ತಿ ತಳ್ಳಬಾರದು. ಸಡಿಲ ಬಟ್ಟೆ ಹಾಕಬಾರದು. ಎಲ್ಲಾ ಆಯ್ತು, ಇನ್ನಾದ್ರೂ ಕೊಯ್ರೀ!"

ಕಡೆಗೂ ಜೋಪಾನಪ್ಪನವರು ಗುಂಡಿ ಒತ್ತಿದರು. ಗುಂಯ್ ಎಂದಿತು. ಬೆರಳು ತಾನಾಗಿಯೇ ಗುಂಡಿ ಬಿಟ್ಟಿತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಬಿಟ್ಟರು.

"ಬ್ಯಾಟರಿ ಯಾಕೋ ಸರಿಯಿಲ್ಲ ಕಣೇ."

"ನಿಜ ಹೇಳಿ. ಜನ್ಮದಲ್ಲಿ ಒಂದು ಸಲನಾದ್ರೂ ಮರ ಕೊಯ್ದಿದ್ದೀರಾ?"

"ಕೊಯ್ಯೋರ ಪಕ್ಕ ನಿಂತಿದ್ದೀನಿ."

"ಎಷ್ಟು ಪಕ್ಕ?"

"ಯಾರೂ ದಾಟಬಾರದು ಅಂತ ಎಳೆದ ಹಳದಿ ಗೆರೆಯಿಂದ ಆಚೆ."

ಆಕೆಗೆ ನಗು ಉಕ್ಕಿ ಬಂದರೂ ನುಂಗಿಕೊಂಡಳು. ಮೂವತ್ತು ವರ್ಷ ಊರವರ ಕೈಬೆರಳು ಕಾಯ್ದ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರೆ ಯಾವ ಹೆಂಡತಿಗೆ ನಗಲು ಮನಸ್ಸು ಬರುತ್ತದೆ? ಅವರ ಮುಖದಿಂದ ಕನ್ನಡಕ ತೆಗೆದು ತಾನು ಹಾಕಿಕೊಂಡಳು.

"ನೀವು ಹೇಳ್ತಾ ಹೋಗಿ, ನಾನು ಕೊಯ್ತೀನಿ."

ಅವರು ಹೇಳಿದರು, ಅವಳು ಕೊಯ್ದಳು. ಗೆರೆ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಗರಗಸ ನಿಂತ ಮೇಲೆ ಜೋಪಾನಪ್ಪನವರು ಅವಳ ಬೆರಳುಗಳನ್ನು ಎರಡು ಸಲ ಎಣಿಸಿದರು. ಎರಡು ಸಲವೂ ಹತ್ತೇ ಬಂದಾಗ ಅವರಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಅತ್ತೆ ಬಂದು ಒಂದೇ ಬೆರಳಲ್ಲಿ ಬಾಗಿಲು ನೂಕಿದರು. ಅದು ಸದ್ದಿಲ್ಲದೆ ತೆರೆದುಕೊಂಡಿತು.

"ಯಾರು ಮಾಡಿದ್ದು ಇದನ್ನ?"

ಜೋಪಾನಪ್ಪನವರು ನಿಜ ಹೇಳಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ, "ಇವರೇ ಅಮ್ಮ, ಇನ್ಯಾರು?" ಅಂದುಬಿಟ್ಟಳು.

ಅತ್ತೆಯ ಕಣ್ಣು ತುಂಬಿ ಬಂತು. "ಅಳಿಯಂದಿರೇ, ಇಷ್ಟು ವರ್ಷ ನಿಮ್ಮದು ಬರೀ ಬಾಯಿ ಅಂದ್ಕೊಂಡಿದ್ದೆ. ನನ್ನದೇ ತಪ್ಪು" ಎಂದರು. ಜೋಪಾನಪ್ಪನವರ ಎದೆ ಉಬ್ಬಿತು. ಹೆಂಡತಿ ಕೊಟ್ಟ ಬಿರುದನ್ನು ಬೇಡವೆನ್ನುವುದು ಮರ್ಯಾದೆಯಲ್ಲವೆಂದು ಸುಮ್ಮನಾದರು.

ಅತ್ತೆ ಮಂಚದ ಮೇಲೆ ಕೂತವರೇ ಮಗನಿಗೆ ಫೋನ್ ಮಾಡಿದರು. "ನಿಮ್ಮನೇಲಿ ನನ್ನ ಕೋಣೇದು ಬಿಟ್ಟು ಎಷ್ಟು ಬಾಗಿಲು ಹಿಡ್ಕೊಳ್ತಾವೋ? ಐದಾ? ಭಾನುವಾರ ನಿಮ್ಮ ಭಾವನವರನ್ನ ಕಳಿಸ್ತೀನಿ. ಇಲ್ಲಪ್ಪ, ಇವಳು ಯಾಕೆ? ಇವಳು ನನ್ನ ಜೊತೆ ಇರ್ಲಿ. ಅವರೊಬ್ಬರೇ ಸಾಕು!"